ಮನೆ ತೋರಿಸುವವರಿಗೂ ಒಂದು ಮಾತು: ಕಾರ್ಮಿಕ ಸಂತ ಜೋಸೆಫರ ಹಬ್ಬಕ್ಕೆ



ಮೇ 1 ಕಾರ್ಮಿಕ ಸಂತ ಜೋಸೆಫರ ಹಬ್ಬ. ಜಗದ್ಗುರು ಹನ್ನೆರಡನೆಯ ಪಯಸ್‌ರವರು 1955ರಲ್ಲಿ ಇದನ್ನು ಸ್ಥಾಪಿಸಿದರು. ಜೋಸೆಫರನ್ನು ನಾವು ಬಡಗಿ ಎಂದು ಕರೆಯುತ್ತೇವೆ. ಮತ್ತಾಯನ ಶುಭಸಂದೇಶದಲ್ಲಿರುವ ಮೂಲ ಗ್ರೀಕ್ ಪದ 'ತೆಕ್ತೋನ್'. ಮರಗೆಲಸದವನು ಎಂದಷ್ಟೇ ಅಲ್ಲ, ಮನೆ ಕಟ್ಟುವವನು ಎಂಬ ಅರ್ಥವೂ ಅದಕ್ಕುಂಟು. ಹೀಗಾಗಿ ಈ ಹಬ್ಬದಲ್ಲಿ ಮೇಸ್ತ್ರಿ, ಗಾರೆಯವರು, ಬಡಗಿ ಎಲ್ಲರನ್ನೂ ನೆನೆಯುತ್ತೇವೆ. ಮನೆಯ ಕೆಲಸದಲ್ಲೇ ಬದುಕುವ ಇನ್ನೊಬ್ಬರನ್ನು ಮಾತ್ರ ಮರೆಯುತ್ತೇವೆ. ಅವರೇ ಮನೆ, ಸೈಟು ತೋರಿಸುವ ಬ್ರೋಕರ್‌ಗಳು. ನಮ್ಮ ಧರ್ಮಕೇಂದ್ರಗಳ ಯುವಕರಲ್ಲೂ ಈಗ ಈ ವೃತ್ತಿಯವರಿದ್ದಾರೆ.

ಅಮೆರಿಕದಲ್ಲಿ ಮನೆ ಬೇಗ ಮಾರಾಟವಾಗಲೆಂದು ಸಂತ ಜೋಸೆಫರ ಪುಟ್ಟ ಸ್ವರೂಪವನ್ನು ಅಂಗಳದಲ್ಲಿ ತಲೆಕೆಳಗಾಗಿ ಹೂಳುವ ವಾಡಿಕೆಯಿದೆ. ಧರ್ಮಸಭೆ ಅದನ್ನು ಕಲಿಸಿಲ್ಲ, ನಮ್ಮಲ್ಲಿ ಯಾರೂ ಅನುಕರಿಸುವುದೂ ಬೇಡ. ಮನೆ ಮಾರುವವರು ಜೋಸೆಫರ ಬಳಿ ಕೇಳಬೇಕಾದದ್ದು ಬೇರೆಯೇ ಇದೆ.

ಧರ್ಮೋಪದೇಶಕಾಂಡದ 22ನೇ ಅಧ್ಯಾಯ, 8ನೇ ವಚನವನ್ನು ಒಮ್ಮೆ ತೆರೆದು ನೋಡಿ. ಹೊಸ ಮನೆ ಕಟ್ಟುವವನು ಮಾಳಿಗೆಗೆ ಸುತ್ತಲೂ ಕೈಪಿಡಿ ಗೋಡೆ ಕಟ್ಟಬೇಕು; ಇಲ್ಲದೆ ಯಾರಾದರೂ ಅಲ್ಲಿಂದ ಬಿದ್ದು ಸತ್ತರೆ ಆ ರಕ್ತಾಪರಾಧ ಆ ಮನೆಗೆ ತಗಲುತ್ತದೆ ಎಂಬ ನಿಯಮ ಅಲ್ಲಿದೆ. ಮನೆಯೊಳಗೆ ಬಂದವರಿಗೆ ಆಗುವ ಕೇಡಿಗೆ ಮನೆಯನ್ನು ಒದಗಿಸಿದವನೂ ಉತ್ತರ ಹೇಳಬೇಕೆಂಬುದು ಇದರ ತಿರುಳು. ಮಾಳಿಗೆಯಿಂದ ಬೀಳುವುದು ಕಣ್ಣಿಗೆ ಕಾಣುವ ಕೇಡು. ಆದರೆ ಏಪ್ರಿಲ್ ತಿಂಗಳಲ್ಲಿ ರಾತ್ರಿ ಹನ್ನೊಂದಾದರೂ ಕಾದ ಸೂರಿನಡಿ ನಿದ್ದೆಯಿಲ್ಲದೆ ಹೊರಳಾಡುವ ಅಜ್ಜಿಯ, ಎಳೆಗೂಸಿನ ಕೇಡು ಯಾರ ಲೆಕ್ಕಕ್ಕೆ ಸೇರಬೇಕು?

ಹುಣಸೂರು, ಪಿರಿಯಾಪಟ್ಟಣದ ರೈತರಿಗೆ ಶಾಖದ ವಿದ್ಯೆಯನ್ನು ನಾವು ಹೇಳಿಕೊಡಬೇಕಾಗಿಲ್ಲ. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಗೋಡೆ ಎಷ್ಟು ದಪ್ಪ ಇರಬೇಕು, ಬಿಸಿಗಾಳಿ ಯಾವ ಕಿಂಡಿಯಿಂದ ಯಾವಾಗ ಹೊರಗೆ ಹೋಗಬೇಕು, ಬಿರುಕು ಬಿಟ್ಟರೆ ಎಷ್ಟು ಸೌದೆ ದಂಡ ಎಂಬುದೆಲ್ಲ ಅವರಿಗೆ ಬಾಯಿಪಾಠ. ಸೊಪ್ಪಿಗಾಗಿ ಇಷ್ಟೆಲ್ಲ ಯೋಚಿಸುವ ನಾವು, ನಮಗಾಗಿ ಕಟ್ಟಿದ ಮನೆಯನ್ನೇ ಬ್ಯಾರನ್ ಮಾಡಿಕೊಂಡಿದ್ದೇವೆ! ಬೋಳು ಕಾಂಕ್ರೀಟ್ ಸೂರು ಹಗಲೆಲ್ಲ ಬಿಸಿಲು ಕುಡಿದು ಇರುಳೆಲ್ಲ ಅದನ್ನು ಒಳಕ್ಕೆ ಕಕ್ಕುತ್ತದೆ. ಕೆ.ಆರ್.ನಗರದ ಕಡೆಯ ಹಳೆಯ ತೊಟ್ಟಿಮನೆಗಳಲ್ಲಿ ಮಣ್ಣಿನ ದಪ್ಪ ಗೋಡೆ, ಹೆಂಚು, ನಡುವೆ ತೆರೆದ ತೊಟ್ಟಿ ಇದ್ದುದರಿಂದ ಬಿಸಿಗಾಳಿ ತಾನಾಗಿಯೇ ಮೇಲೇರಿ ಹೊರಹೋಗುತ್ತಿತ್ತು.

ನಮ್ಮ ಸೀಮೆ ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 12 ಡಿಗ್ರಿಯಲ್ಲಿದೆ. ಏಪ್ರಿಲ್ ನಾಲ್ಕನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಆದ್ದರಿಂದ ಬೇಸಿಗೆಯ ಮೊದಲ ಶತ್ರು ಸೂರು, ಎರಡನೆಯದು ಸಂಜೆ ಬಿಸಿಲಿಗೆ ಮೈಯೊಡ್ಡಿದ ಪಡುವಣ ಗೋಡೆ. ಮನೆ ಮಂತ್ರಿಸಲು ಕರೆದಾಗ ನಾವು ಗಮನಿಸಿದ್ದೇವೆ, ನಮ್ಮ ಕಥೋಲಿಕ ಕುಟುಂಬಗಳೂ ಬಾಗಿಲು ಯಾವ ದಿಕ್ಕಿಗಿದೆ ಎಂದು ವಾಸ್ತು ಕೇಳಿಯೇ ಸೈಟು ಕೊಂಡಿರುತ್ತಾರೆ. ಪೂರ್ವಕ್ಕೆ ಬಾಗಿಲಿದ್ದರೆ ಹೆಚ್ಚು ಬೆಲೆ. ಮಲಗುವ ಕೋಣೆ ಪಡುವಣ ಬಿಸಿಲಿನಲ್ಲಿ ಬೇಯುತ್ತದೆಯೇ ಎಂದು ಮಾತ್ರ ಕೇಳುವವರಿಲ್ಲ, ಹೇಳುವವರೂ ಇಲ್ಲ.

ಬ್ರೋಕರ್‌ಗಳು ಮಾಡಬಹುದಾದ ಮೊದಲ ಕೆಲಸ ಇದೇ. ಬೇಸಿಗೆಯಲ್ಲಿ ಮನೆಯನ್ನು ಬೆಳಿಗ್ಗೆ ತಂಪು ಹೊತ್ತಿನಲ್ಲಿ ತೋರಿಸಬೇಡಿ. ಮಧ್ಯಾಹ್ನ ಮೂರು ಗಂಟೆಗೆ ತೋರಿಸಿ. ಮಾಲೀಕರಿಂದ ಹಿಂದಿನ ಹನ್ನೆರಡು ತಿಂಗಳ ಸೆಸ್ಕ್ ಬಿಲ್ಲುಗಳನ್ನು ಕೇಳಿ ಪಡೆದು ಕೊಳ್ಳುವವರ ಮುಂದಿಡಿ. ಬ್ರಿಟನ್ನಿನಲ್ಲಿ 2007ರಿಂದ ಹಂತಹಂತವಾಗಿ ಇಂಥದ್ದೇ ಕಾನೂನು ಬಂದಿತು. ಮನೆ ಮಾರುವಾಗ ಅದು ಎಷ್ಟು ಇಂಧನ ನುಂಗುತ್ತದೆ ಎಂಬುದಕ್ಕೆ 'ಎ'ಯಿಂದ 'ಜಿ'ವರೆಗಿನ ದರ್ಜೆಪತ್ರ ಇರಲೇಬೇಕು. ನಮ್ಮ ದೇಶದಲ್ಲೂ 2018ರಲ್ಲಿ ಕೇಂದ್ರ ಸರ್ಕಾರ ವಾಸದ ಕಟ್ಟಡಗಳಿಗೆ 'ಇಕೋ ನಿವಾಸ್ ಸಂಹಿತಾ' ಎಂಬ ಸಂಹಿತೆ ತಂದು ಸೂರು, ಗೋಡೆಗಳು ಎಷ್ಟು ಶಾಖ ಒಳಬಿಡಬಹುದೆಂದು ಮಿತಿ ಹಾಕಿತು. ಹಳ್ಳಿಯ ಮನೆಗೆ ದರ್ಜೆಪತ್ರ ಇಲ್ಲದಿದ್ದರೇನಂತೆ, ಕರೆಂಟು ಬಿಲ್ಲಿಗಿಂತ ಪ್ರಾಮಾಣಿಕ ಪತ್ರ ಯಾವುದಿದೆ? 2016ರ ರೇರಾ ಕಾಯ್ದೆಯೂ ತನ್ನ ವ್ಯಾಪ್ತಿಯ ಯೋಜನೆಗಳನ್ನು ಮಾರುವ ಏಜೆಂಟರು ನೋಂದಣಿ ಮಾಡಿಸಿಕೊಳ್ಳಬೇಕು, ಸುಳ್ಳು ವಿವರಣೆ ಕೊಡಬಾರದು ಎನ್ನುತ್ತದೆ.

"ಫಾದರ್, ಗೃಹಜ್ಯೋತಿ ಬಂದ ಮೇಲೆ ಬಿಲ್ಲೇ ಸೊನ್ನೆ, ಇದೆಲ್ಲ ಯಾಕೆ?" ಎನ್ನುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. 2023ರಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಳೆಯ ಬಳಕೆಯ ಸರಾಸರಿ ನೋಡಿ ಮಿತಿ ಗೊತ್ತುಮಾಡಿದ್ದಾರೆ. ಅದನ್ನು ದಾಟಿದ ಯೂನಿಟ್ಟಿಗೆ ಹಣ ಕಟ್ಟಬೇಕು, ತಿಂಗಳಿಗೆ 200 ಯೂನಿಟ್ ಮೀರಿದರೆ ಇಡೀ ಬಿಲ್ಲನ್ನೇ ಕಟ್ಟಬೇಕು. 2 ಕಿಲೋವ್ಯಾಟಿನ ಗೀಸರ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ಹಳೆಯ 75 ವ್ಯಾಟಿನ ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್. ಈಗ ಬಂದಿರುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ ಒಂಬತ್ತೇ ಸಾಕು. ಮೂರು ಫ್ಯಾನು ಬದಲಿಸಿದರೆ ತಿಂಗಳಿಗೆ ನಲವತ್ತು ಯೂನಿಟ್ ಉಳಿತಾಯ.

ನಿಜವಾದ ತೊಡಕಿರುವುದು ಬಾಡಿಗೆ ಮನೆಗಳಲ್ಲಿ. ಸೋಲಾರ್ ಹೀಟರ್ ಹಾಕಿಸುವ ಖರ್ಚು ಮಾಲೀಕರದು, ಉಳಿತಾಯ ಬಾಡಿಗೆಯವರದು. ಮಾಲೀಕರು "ನನಗೇನು ಲಾಭ?" ಎನ್ನುತ್ತಾರೆ, ಬಾಡಿಗೆಯವರು "ಹನ್ನೊಂದು ತಿಂಗಳಿಗೆ ಬಿಡುವ ಮನೆಗೆ ನಾವೇಕೆ ಹಾಕಬೇಕು?" ಎನ್ನುತ್ತಾರೆ. ಇಬ್ಬರ ಮಾತೂ ಸುಳ್ಳಲ್ಲ. ಕೊನೆಗೆ ಹೆಚ್.ಡಿ.ಕೋಟೆಯ ಕಾಡಂಚಿನಲ್ಲಿ ಹಂಡೆಯ ಒಲೆಗೆ ಸೌದೆ ಹೊರುವುದು ಹೆಣ್ಣುಮಕ್ಕಳ ಪಾಲಿಗೇ ಉಳಿಯುತ್ತದೆ. ಈ ಇಬ್ಬರ ನಡುವೆ ಕೂತು ಮಾತನಾಡುವ ಏಕೈಕ ವ್ಯಕ್ತಿ ಬ್ರೋಕರ್. ಮಾಲೀಕರು ಹೀಟರ್ ಹಾಕಿಸಲಿ, ಬಾಡಿಗೆಯವರು ತಮಗಾಗುವ ಉಳಿತಾಯದಲ್ಲಿ ಅರ್ಧವನ್ನು ಬಾಡಿಗೆಗೆ ಸೇರಿಸಿ ಕೊಡಲಿ ಎಂದು ಕರಾರಿನಲ್ಲೇ ಬರೆಸಲು ಅವರಿಗೆ ಹತ್ತು ನಿಮಿಷ ಸಾಕು. ಮಾರುವ ಮನೆಯ ಮಾಲೀಕರಿಗೂ ಹಾಗೆಯೇ: ಎದುರಿನ ಗೋಡೆಗೆ ಹೊಳೆಯುವ ಬಣ್ಣ ಬಳಿಸುವ ಮೊದಲು ತಾರಸಿಗೆ ಎರಡು ಕೈ ಸುಣ್ಣ ಹೊಡೆಸಿ ಎಂದು ಹೇಳಬಹುದು. ಬಿಳಿ ಸೂರು ಬಿಸಿಲನ್ನು ಹಿಂದಕ್ಕೆ ಎಸೆಯುತ್ತದೆ, ಖರ್ಚೂ ಕಡಿಮೆ.

2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆ ತಾರಸಿಯ ಸೋಲಾರಿಗೆ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಅಥವಾ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ನಿಗದಿ ಮಾಡಿತು. ಈ ಲೆಕ್ಕ ಗೊತ್ತಿರುವ ಬ್ರೋಕರ್ ಊರಿಗೆ ಉಪಕಾರಿ.

ಇನ್ನು ಹೊಸದಾಗಿ ಕಟ್ಟುವವರಿಗೆ ಲಾರಿ ಬೇಕರ್‌ರವರನ್ನು ನೆನಪಿಸುತ್ತೇವೆ. 2007ರಲ್ಲಿ ತೀರಿಕೊಂಡ ಈ ವಾಸ್ತುಶಿಲ್ಪಿ ಕ್ವೇಕರ್ ಪಂಥದವರು. ತಿರುವನಂತಪುರದಲ್ಲಿ ಯೇಸುಸಭೆಯವರ ಲೊಯೋಲಾ ಪ್ರಾರ್ಥನಾಲಯವನ್ನು 1970ರ ದಶಕದ ಆರಂಭದಲ್ಲಿ ಕಟ್ಟಿಕೊಟ್ಟವರು ಅವರೇ. ಇಟ್ಟಿಗೆಗಳನ್ನು ಅಡ್ಡಲಾಗಿ ನಿಲ್ಲಿಸಿ ನಡುವೆ ಟೊಳ್ಳು ಬಿಡುವ ಅವರ ಗೋಡೆಗೆ ಸುಮಾರು ಕಾಲುಭಾಗ ಇಟ್ಟಿಗೆ ಕಡಿಮೆ ಸಾಕು, ಆ ಟೊಳ್ಳಿನ ಗಾಳಿ ಶಾಖವನ್ನೂ ತಡೆಯುತ್ತದೆ. ನಮ್ಮ ಮೇಸ್ತ್ರಿಗಳಿಗೆ ಇದನ್ನು ಕಲಿಯುವುದು ಕಷ್ಟವೇನಲ್ಲ.

ಕಮಿಷನ್ ನೂರಕ್ಕೆ ಒಂದೋ ಎರಡೋ ಇರುವಾಗ ಮನೆಯ ಬೆಲೆ ಏರಿದಷ್ಟೂ ಬ್ರೋಕರಿಗೆ ಲಾಭ, ಕುಂದು ಹೇಳಿದರೆ ನಷ್ಟ ಎಂಬುದು ನಮಗೆ ತಿಳಿಯದ್ದಲ್ಲ. ಆದರೆ ಹುಣಸೂರು, ಪಿರಿಯಾಪಟ್ಟಣದಂಥ ಊರುಗಳಲ್ಲಿ ಮುಂದಿನ ಗಿರಾಕಿಯನ್ನು ಕಳಿಸುವವರು ಹಿಂದಿನ ಗಿರಾಕಿಯೇ. ಸೊಪ್ಪಿನ ಹಣ, ಸಂಘದ ಸಾಲ, ಒಡವೆ ಅಡವಿಟ್ಟ ದುಡ್ಡು ಸೇರಿಸಿ, ಡೋರ್ನಹಳ್ಳಿಯ ಸಂತ ಅಂತೋಣಿಯವರಿಗೆ ಹರಕೆ ಹೊತ್ತು ಮನೆ ಕೊಳ್ಳುವ ಕುಟುಂಬ ಅದರೊಳಗೆ ಮೂವತ್ತು ಬೇಸಿಗೆ ಕಳೆಯಬೇಕು.

ಈ ಮೇ 1ರ ಬಲಿಪೂಜೆಯಲ್ಲಿ ಮೇಸ್ತ್ರಿಗಳ ಕರಣೆ, ಬಡಗಿಗಳ ಉಳಿಯ ಜೊತೆಗೆ ಬ್ರೋಕರ್‌ಗಳು ತಮ್ಮ ಬೀಗದ ಕೈ ಗೊಂಚಲುಗಳನ್ನೂ ಪೀಠದ ಮುಂದೆ ತಂದಿಡಲಿ, ಅವನ್ನೂ ಮಂತ್ರಿಸುತ್ತೇವೆ. ಪೂಜೆಯ ನಂತರ ಮರದ ನೆರಳಲ್ಲಿ ಕಾಫಿ ಇದೆ. ಬರುವಾಗ ಎಲ್ಲರೂ ಮನೆಯ ಒಂದು ಹಳೆಯ ಕರೆಂಟು ಬಿಲ್ಲು ತನ್ನಿ.