ಬಲೂನು ಒಡೆಯಲಿಲ್ಲ!

ಒಡೆಯಲೇ ಇಲ್ಲ! ಮೇಷ್ಟರು ಉರಿಯುವ ಮೇಣದಬತ್ತಿಯ ಮೇಲೆಯೇ ಹಿಡಿದಿದ್ದಾರೆ, ತಳವೆಲ್ಲ ಮಸಿ ಹಿಡಿದು ಕಪ್ಪಾಗಿದೆ, ಮಕ್ಕಳು ಕಿವಿ ಮುಚ್ಚಿಕೊಂಡು ಕಾಯುತ್ತಿದ್ದಾರೆ. 'ಢಬ್' ಎನ್ನುವ ಸದ್ದೇ ಇಲ್ಲ. ಬರೀ ಗಾಳಿ ಊದಿದ ಬಲೂನು ಜ್ವಾಲೆ ಸೋಕುತ್ತಲೇ ಚಿಂದಿಯಾಗುತ್ತದೆ. ಇದರೊಳಗೆ ಹೆಚ್ಚಿಗೆ ಇರುವುದು ಒಂದಿಷ್ಟು ನೀರು, ಅಷ್ಟೇ!

ತೆಳ್ಳನೆಯ ರಬ್ಬರು ದಾಟಿ ಬಂದ ಬಿಸಿಯನ್ನೆಲ್ಲ ನೀರು ನುಂಗುತ್ತಲೇ ಇದೆ. ಒಂದು ಗ್ರಾಂ ನೀರು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾಗಲು ಒಂದು ಕ್ಯಾಲೊರಿ ಬೇಕು. ಮರಳಿಗೆ ಅದರ ಐದನೇ ಒಂದು ಪಾಲು ಸಾಕು, ತಾಮ್ರಕ್ಕೆ ಹತ್ತನೇ ಒಂದು ಪಾಲೂ ಬೇಡ. ನೀರಿನ ಅಣುಗಳು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಹಿಡಿದುಕೊಂಡಿವೆ. ಬಂದ ಶಾಖದಲ್ಲಿ ಒಂದಷ್ಟು ಆ ಹಿಡಿತ ಸಡಿಲಿಸುವುದಕ್ಕೇ ಖರ್ಚಾಗುತ್ತದೆ. ಪಠ್ಯಪುಸ್ತಕದಲ್ಲಿ 'ವಿಶಿಷ್ಟ ಉಷ್ಣ' ಎಂಬ ಒಣ ಸಾಲಾಗಿ ಮಲಗಿದ್ದು ಇದೇ! (ಜ್ವಾಲೆ ನೀರಿಲ್ಲದ ಕಡೆಗೆ ಸರಿಯಿತೋ, ಮೇಷ್ಟರ ಅಂಗಿ ಒದ್ದೆ.)

ಇನ್ನೂ ದೊಡ್ಡ ಬೆರಗು ಮುಂದಿದೆ. 1760ರ ದಶಕದ ಆರಂಭ, ಗ್ಲಾಸ್ಗೋ. ವಿಜ್ಞಾನಿ ಜೋಸೆಫ್ ಬ್ಲ್ಯಾಕ್ ಎರಡು ಗಾಜಿನ ಬುರುಡೆಗಳನ್ನು ಒಂದೇ ಕೋಣೆಯಲ್ಲಿ ತೂಗುಹಾಕಿದ. ಒಂದರಲ್ಲಿ ಇನ್ನೇನು ಹೆಪ್ಪುಗಟ್ಟಬೇಕೆನ್ನುವಷ್ಟು ತಣ್ಣನೆಯ ನೀರು, ಇನ್ನೊಂದರಲ್ಲಿ ಅಷ್ಟೇ ಮಂಜುಗಡ್ಡೆ. ನೀರು ಅರ್ಧ ಗಂಟೆಯಲ್ಲಿ ಸುಮಾರು ನಾಲ್ಕು ಡಿಗ್ರಿ ಸೆಲ್ಸಿಯಸ್ ಏರಿತು. ಮಂಜುಗಡ್ಡೆ ಕರಗಿ ಅದೇ ಮಟ್ಟಕ್ಕೆ ಬರಲು? ಹತ್ತೂವರೆ ಗಂಟೆ! ಅಷ್ಟೂ ಹೊತ್ತು ಕೋಣೆಯ ಬಿಸಿ ಒಳಗೆ ಹೋಗುತ್ತಲೇ ಇತ್ತು. ಗಡ್ಡೆ ಕರಗಿ ಮುಗಿಯುವವರೆಗೆ ಥರ್ಮಾಮೀಟರಿಗೆ ಮಾತ್ರ ಅದರ ಸುಳಿವೇ ಇಲ್ಲ. ಬ್ಲ್ಯಾಕ್ ಅದನ್ನು ಗುಪ್ತೋಷ್ಣ ಎಂದ. ಮಂಜುಗಡ್ಡೆ ಕರಗಲು ಗ್ರಾಂಗೆ 80 ಕ್ಯಾಲೊರಿ, ಕುದಿಯುವ ನೀರು ಆವಿಯಾಗಲು ಬರೋಬ್ಬರಿ 540.

ನುಂಗಿದ್ದನ್ನು ನೀರು ಕಕ್ಕುತ್ತದೆಯೇ? ಕಕ್ಕುತ್ತದೆ, ಒಂದು ಕ್ಯಾಲೊರಿಯೂ ಬಾಕಿ ಉಳಿಸದೆ! ಇಡ್ಲಿ ಪಾತ್ರೆಯನ್ನೇ ನೋಡಿ. ತಳದಲ್ಲಿ ಕುದಿಯುವ ನೀರು ಮೇಲಿನ ಹಿಟ್ಟನ್ನು ಮುಟ್ಟುವುದೇ ಇಲ್ಲ. ಆವಿ ಮೇಲೇರಿ, ತಣ್ಣನೆಯ ಹಿಟ್ಟಿಗೆ ತಗುಲಿ, ಮತ್ತೆ ನೀರಾಗುವ ಆ ಕ್ಷಣದಲ್ಲಿ ಹೊತ್ತು ತಂದ ಶಾಖವನ್ನೆಲ್ಲ ಇಳಿಸಿಬಿಡುತ್ತದೆ. ಇಡ್ಲಿ ಬೇಯುವುದು ಮುಖ್ಯವಾಗಿ ಗುಪ್ತೋಷ್ಣದಲ್ಲಿ! ಕುದಿನೀರಿಗಿಂತ ಹಬೆ ಹೆಚ್ಚು ಸುಡುವುದೂ ಇದಕ್ಕೇ.

ಈಗ ಮಕ್ಕಳ ಕೈಗೆ ಸೀಮೆಸುಣ್ಣ ಕೊಡಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮಳೆ ಎಂದು ಹಿಡಿಯೋಣ. ಒಂದು ಚದರ ಮೀಟರ್ ನೆಲಕ್ಕೆ 7,000 ಲೀಟರ್. ಪ್ರತಿ ಲೀಟರೂ ಒಂದು ಕಾಲಕ್ಕೆ ಆವಿಯಾಗಿತ್ತು, ಮೋಡದಲ್ಲಿ ಹನಿಗಟ್ಟುವಾಗ 540 ಕಿಲೋಕ್ಯಾಲೊರಿಗೂ ಹೆಚ್ಚು ಬಿಟ್ಟುಕೊಟ್ಟಿತು. ಗುಣಿಸಿ! ಸುಮಾರು 38 ಲಕ್ಷ ಕಿಲೋಕ್ಯಾಲೊರಿ. ಅಂದರೆ ಮನೆಗೆ ಬರುವ 14.2 ಕಿಲೋದ ಗ್ಯಾಸ್ ಸಿಲಿಂಡರುಗಳು ಹೆಚ್ಚುಕಡಿಮೆ ಇಪ್ಪತ್ತೈದು. ಚಾಪೆಯಷ್ಟು ಅಗಲದ ನೆಲದ ಮೇಲಿನ ಆಕಾಶದಲ್ಲಿ, ಪ್ರತಿ ವರ್ಷ! ಆ ಬಿಸಿ ಪೋಲಾಗುವುದೂ ಇಲ್ಲ. ಸುತ್ತಲ ಗಾಳಿಯನ್ನು ಕಾಯಿಸಿ ಹಗುರಮಾಡಿ ಮೋಡವನ್ನು ಇನ್ನೂ ಮೇಲಕ್ಕೆ ಎತ್ತುತ್ತದೆ. ತೆರವಾದ ಜಾಗಕ್ಕೆ ಅರಬ್ಬೀ ಸಮುದ್ರದ ಕಡೆಯಿಂದ ಮತ್ತಷ್ಟು ತೇವದ ಗಾಳಿ, ತನ್ನ ಪಾಲಿನ ಶಾಖ ಹೊತ್ತು, ಘಟ್ಟ ಹತ್ತಿ ಬರುತ್ತದೆ.