ಹನ್ನೆರಡು ಫೋಟೊ, ಒಂದು ಭಾಗಾಕಾರ

ಗಂಗಾವತಿಯ ಮದುವೆ ಹಂದರ. ಗಟ್ಟಿಮೇಳ ಮೊಳಗುತ್ತದೆ, ಅಕ್ಷತೆ ಬೀಳುತ್ತದೆ. ಎಲ್ಲ ಕೆಲವೇ ಸೆಕೆಂಡುಗಳ ಮಾತು. ಇಂದು ಆ ಕ್ಷಣಕ್ಕೆ ನೂರು ಫೋಟೊ ತೆಗೆದು, ಬೇಡವಾದದ್ದನ್ನು ಅಳಿಸಬಹುದು. ರೀಲಿನ ಕಾಲದಲ್ಲಿ ಹಾಗಿರಲಿಲ್ಲ. ಅವಳಿ ಲೆನ್ಸಿನ ಯಾಶಿಕಾ, ಮಾಮಿಯಾದಂಥ ಕ್ಯಾಮೆರಾಗಳಿಗೆ ಹಾಕುತ್ತಿದ್ದ 120 ರೀಲಿನಲ್ಲಿ ಆರು ಸೆಂಟಿಮೀಟರ್ ಚೌಕದ ಹನ್ನೆರಡೇ ಫೋಟೊ! ಬೆಳಕಿನ ಲೆಕ್ಕ ತಪ್ಪಿದರೆ ಆ ಮನೆಯವರಿಗೆ ತಾಳಿ ಕಟ್ಟಿದ ಕ್ಷಣದ ಚಿತ್ರವೇ ಇಲ್ಲ.

ಆ ಕ್ಯಾಮೆರಾದ ಜೊತೆಗಾರ, ಪಕ್ಕದಲ್ಲಿ ಹಿಡಿಕೆಯಂತೆ ನಿಲ್ಲುವ ದೊಡ್ಡ ಫ್ಲ್ಯಾಶ್. ಕ್ಯಾಮೆರಾದ ತಳಕ್ಕೆ ಲೋಹದ ಪಟ್ಟಿ, ಅದರ ತುದಿಯಲ್ಲಿ ಫ್ಲ್ಯಾಶ್, ನಡುವೆ ಒಂದು ಸಣ್ಣ ವೈರು. ಜರ್ಮನಿಯ ಮೆಟ್ಜ್ ಕಂಪನಿಯ 45 ಸಿಟಿ-1 ಈ ಜಾತಿಯ ಹೆಸರಾಂತ ಮಾದರಿ.

ಹೆಸರಿನಲ್ಲಿರುವ 45 ಎಂಬುದೇ ಅದರ ಗೈಡ್ ನಂಬರ್. 100 ವೇಗದ ಫಿಲ್ಮಿಗೆ, ಈ ಸಂಖ್ಯೆಯನ್ನು ಮೀಟರಿನಲ್ಲಿ ಅಳೆದ ದೂರದಿಂದ ಭಾಗಿಸಿದರೆ ಲೆನ್ಸಿನ ಅಪರ್ಚರ್ ಸಿಗುತ್ತದೆ. ವಧೂವರರು 4 ಮೀಟರ್ ದೂರದಲ್ಲಿದ್ದರೆ 45 ಭಾಗಿಸು 4, ಅಂದರೆ ಎಫ್ 11. 8 ಮೀಟರಾದರೆ ಎಫ್ 5.6. ದೂರ ಇಮ್ಮಡಿಯಾದರೆ ಬೆಳಕು ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಭೌತಶಾಸ್ತ್ರದ ಪುಸ್ತಕದಲ್ಲಿ ಬಾಯಿಪಾಠ ಮಾಡುವ ವಿಲೋಮ ವರ್ಗ ನಿಯಮ ಇದೇ.

ಲೆಕ್ಕ ಸರಿಯಿದ್ದರೂ ಎಡವುವ ಜಾಗಗಳಿವೆ. ಬಹುಪಾಲು ಅವಳಿ ಲೆನ್ಸಿನ ಕ್ಯಾಮೆರಾಗಳ ಶಟರ್ ಲೆನ್ಸಿನೊಳಗೇ ಇರುತ್ತದೆ. ಹಾಗಾಗಿ ಸೆಕೆಂಡಿನ 500ನೇ ಒಂದು ಭಾಗದ ವೇಗದಲ್ಲೂ ಫ್ಲ್ಯಾಶ್ ಹೊಂದಿಕೊಳ್ಳುತ್ತದೆ. ಫಿಲ್ಮಿನ ಮುಂದೆ ಪರದೆ ಸರಿಯುವ ಪೆಂಟಾಕಾನ್ ಸಿಕ್ಸ್‌ನಂಥ ಕ್ಯಾಮೆರಾದಲ್ಲಿ 25ನೇ ಒಂದು ಭಾಗವೇ ಮಿತಿ. ಮೀರಿದರೆ ಚಿತ್ರದ ಒಂದು ಪಾಲು ಕಪ್ಪು. ಕೆಲವು ಕ್ಯಾಮೆರಾಗಳಲ್ಲಿ ಎಕ್ಸ್ ಮತ್ತು ಎಂ ಎಂಬ ಗುರುತುಗಳಿರುತ್ತವೆ. ಎಂ ಹಳೆಯ ಬಲ್ಬುಗಳಿಗೆ, ಎಕ್ಸ್ ಎಲೆಕ್ಟ್ರಾನಿಕ್ ಫ್ಲ್ಯಾಶಿಗೆ. ಮರೆತು ಎಂನಲ್ಲಿಟ್ಟರೆ ಶಟರ್ ತೆರೆಯುವ ಮೊದಲೇ ಮಿಂಚಿ ಮುಗಿದಿರುತ್ತದೆ. ಹಂದರದ ಬಣ್ಣದ ಬಟ್ಟೆಗೆ ಬೆಳಕು ಹಾಯಿಸಿದರೆ ಆ ಬಣ್ಣವೇ ಮದುಮಗಳ ಮುಖಕ್ಕೆ ಬಳಿದುಕೊಳ್ಳುತ್ತದೆ.

120 ರೀಲು ಇಂದಿಗೂ ತಯಾರಾಗುತ್ತಿದೆ. ಹಳೆಯ ಸಾಮಾನು ಅಟ್ಟದಿಂದ ಇಳಿಸುವ ಮಕ್ಕಳೂ ಇದ್ದಾರೆ. ಹೆತ್ತವರು ಇಲ್ಲಿ ಜೊತೆಗಿರಬೇಕು. ಫ್ಲ್ಯಾಶಿನ ಒಳಗಿನ ಕೆಪಾಸಿಟರ್ ನೂರಾರು ವೋಲ್ಟ್ ಹಿಡಿದಿಟ್ಟುಕೊಳ್ಳುತ್ತದೆ. ಸೆಲ್ ತೆಗೆದ ಮೇಲೂ ಹೊಡೆತ ಕೊಡಬಲ್ಲದು. ಯಾವ ಕಾರಣಕ್ಕೂ ಅದನ್ನು ಬಿಚ್ಚಬಾರದು. ಸೆಲ್ ಸೋರಿ ತುಕ್ಕು ಹಿಡಿದಿದ್ದರೆ, ಸುಟ್ಟ ವಾಸನೆ ಬಂದರೆ ಬಳಸುವುದೇ ಬೇಡ. ಕೆಲವು ಹಳೆಯ ಮಾದರಿಗಳು ವೈರಿನ ತುದಿಯಲ್ಲೂ ಹೆಚ್ಚು ವೋಲ್ಟೇಜ್ ಬಿಡುತ್ತವೆ. ಯಾಂತ್ರಿಕ ಶಟರ್ ಅದನ್ನು ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಡಿಜಿಟಲ್ ಕ್ಯಾಮೆರಾ ಸುಟ್ಟುಹೋದೀತು.

ಫ್ಲ್ಯಾಶ್ ಇಲ್ಲದ ಮನೆಯಲ್ಲೂ ಪಾಠ ಸಿಗುತ್ತದೆ. ಅಪ್ಪ-ಅಮ್ಮನ ಮದುವೆಯ ಆಲ್ಬಮ್ ತೆರೆಯಿರಿ. ಹಿಂದಿನ ಗೋಡೆಯ ಮೇಲೆ ಅವರ ನೆರಳು ಬಲಕ್ಕೆ ಬಿದ್ದಿದೆಯೇ? ಹಾಗಾದರೆ ಫ್ಲ್ಯಾಶ್ ಕ್ಯಾಮೆರಾದ ಎಡಕ್ಕಿತ್ತು. ಮುಂದಿನ ಸಾಲಿನವರ ಮುಖ ಬೆಳ್ಳಗೆ, ಹಿಂದಿನವರದು ಕಪ್ಪಗೆ ಇದೆಯೇ? ಆ ಭಾಗಾಕಾರ ಅಲ್ಲಿಯೇ ಕುಳಿತಿದೆ.