ಹೂಗ್ಯಂ ಎಂಬ ಹೆಸರನ್ನು ಒಪ್ಪದ ಪುಟ

ಕಳೆದ ವರ್ಷ ಒಂದು ಸಂಜೆ ಹೂಗ್ಯಂನಿಂದ ಅಕ್ಕನ ಮಗಳು ಕರೆ ಮಾಡಿದಳು. ಪಿಯುಸಿ ಓದುತ್ತಿದ್ದ ಆಕೆ ಮನೆಯಿಂದಾಚೆ ಬಂದು, ಸಿಗ್ನಲ್ ಸಿಗುವ ದಿಬ್ಬದ ಮೇಲೆ ಕುಳಿತು, ವಿದ್ಯಾರ್ಥಿವೇತನವೊಂದಕ್ಕೆ ಅಪ್ಪನ ಮೊಬೈಲಿನಲ್ಲಿ ಅರ್ಜಿ ತುಂಬುತ್ತಿದ್ದಳು. ‘ಮಾವ, ಊರ ಹೆಸರು ಬರುದ್ರೆ ಕೆಂಪಗೆ ತೋರುಸ್ತದೆ. ಅಕ್ಷರ ಮಾತ್ರ ಬರೀರಿ ಅಂತದೆ. ನಾ ಬರುದಿರೋದು ಅಕ್ಷರ ಅಲ್ವಾ?’

ಬೆಂಗಳೂರಿನ ಮನೆಯಲ್ಲಿ ಕುಳಿತಿದ್ದ ನಾನು ಲ್ಯಾಪ್‌ಟಾಪಿನಲ್ಲಿ ಅದೇ ಪುಟವನ್ನು ತೆರೆದೆ. ಕ್ಷಣಾರ್ಧದಲ್ಲಿ ತೆರೆದುಕೊಂಡಿತು. ‘ನನ್ನಲ್ಲಿ ಸರಿಯಾಗಿಯೇ ಇದೆಯಲ್ಲಮ್ಮ’ ಎಂದೆ. ತಂತ್ರಾಂಶ ಪರೀಕ್ಷೆಯನ್ನೇ ವೃತ್ತಿಯಾಗಿಸಿಕೊಂಡವನು ಆಡಬಾರದ ಮಾತು ಅದು. ಆ ಪುಟವನ್ನು ಪರೀಕ್ಷಿಸಿದ ತಂಡದಲ್ಲಿ ನಾನೂ ಇದ್ದೆ. ಈ ವಿದ್ಯಾರ್ಥಿವೇತನದ ಸುದ್ದಿಯನ್ನು ಆಕೆಗೆ ತಿಳಿಸಿದವನೂ ನಾನೇ.

ನಮ್ಮ ಕಸುಬಿನ ಬಗ್ಗೆ ಎರಡು ಮಾತು ಹೇಳಬೇಕು. ಒಂದೇ ಜಾಲಪುಟ ಎಲ್ಲ ಕಡೆಯೂ ಒಂದೇ ರೀತಿ ಕಾಣುವುದಿಲ್ಲ. ಅದನ್ನು ಓದಿ ಪರದೆಯ ಮೇಲೆ ಚಿತ್ರಿಸುವುದು ಬ್ರೌಸರಿನೊಳಗಿನ ಯಂತ್ರ. ಕ್ರೋಮ್‌ನಲ್ಲಿ ಅದು ಬ್ಲಿಂಕ್, ಸಫಾರಿಯಲ್ಲಿ ವೆಬ್‌ಕಿಟ್, ಫೈರ್‌ಫಾಕ್ಸ್‌ನಲ್ಲಿ ಗೆಕ್ಕೊ. ಒಂದರಲ್ಲಿ ಕಾಣುವ ದಿನಾಂಕದ ಪೆಟ್ಟಿಗೆ ಇನ್ನೊಂದರಲ್ಲಿ ಬೇರೆ ರೂಪ ತಾಳಬಹುದು. ಒಂದರಲ್ಲಿ ಓಡುವ ಸೂಚನೆ ಮತ್ತೊಂದರ ಹಳೆಯ ಆವೃತ್ತಿಯಲ್ಲಿ ಮುಗ್ಗರಿಸಬಹುದು. ಇದರ ಮೇಲೆ ಪರದೆಯ ಅಳತೆ, ಮೊಬೈಲಿನ ಸ್ಮೃತಿ, ಸಂಪರ್ಕದ ವೇಗ ಎಲ್ಲವೂ ಸೇರಿಕೊಳ್ಳುತ್ತವೆ. ಆದ್ದರಿಂದಲೇ ಪುಟವನ್ನು ಹತ್ತಾರು ಬ್ರೌಸರು, ಸಾಧನಗಳಲ್ಲಿ ತೆರೆದು ನೋಡುವ ಕ್ರಮ ರೂಢಿಗೆ ಬಂದಿದೆ.

ಈ ತೊಡಕು ಹೊಸದೇನೂ ಅಲ್ಲ. ‘ಈ ತಾಣವನ್ನು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ, 800×600 ಅಳತೆಯಲ್ಲಿ ವೀಕ್ಷಿಸಿ’ ಎಂಬ ಷರಾ ಒಂದು ಕಾಲದಲ್ಲಿ ಸಾಮಾನ್ಯವಾಗಿತ್ತು. ಆಗಿನ ಎಷ್ಟೋ ಕನ್ನಡ ತಾಣಗಳು ತಮ್ಮದೇ ಫಾಂಟುಗಳನ್ನು ನೆಚ್ಚಿದ್ದವು. ಆ ಫಾಂಟು ಇಲ್ಲದ ಗಣಕದಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಮೂಡುತ್ತಿತ್ತು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ ಆಂಡ್ರಾಯ್ಡ್ ಮೊಬೈಲುಗಳು ಕನ್ನಡವನ್ನು ಸರಿಯಾಗಿ ತೋರಿಸುವ ಏರ್ಪಾಡು ಬಂದದ್ದು 2012ರ 4.1ನೇ ಆವೃತ್ತಿಯೊಡನೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್‌ನಲ್ಲಿ ನಿವೃತ್ತಿ ಪಡೆಯಿತು. ಆ ಷರಾ ಮಾತ್ರ ನಮ್ಮ ಮನಸ್ಸಿನಿಂದ ಅಳಿಯಲಿಲ್ಲ. ಈಗ ಅದನ್ನು ಬರೆಯುವುದಿಲ್ಲ, ಅಷ್ಟೇ.

ಆ ರಾತ್ರಿ ಕಾರಣ ಹುಡುಕುತ್ತಾ ಕುಳಿತೆ. ‘ಹೂಗ್ಯಂ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಗಣಕಕ್ಕೆ ಅದು ಆರು ಸಂಕೇತಗಳ ಸಾಲು: ಹಕಾರ, ದೀರ್ಘ ಊಕಾರದ ಚಿಹ್ನೆ, ಗಕಾರ, ವಿರಾಮ ಚಿಹ್ನೆ, ಯಕಾರ, ಅನುಸ್ವಾರ. ಯೂನಿಕೋಡ್ ವರ್ಗೀಕರಣದಲ್ಲಿ ಇವುಗಳ ಪೈಕಿ ಹ, ಗ, ಯ ಮಾತ್ರ ‘ಅಕ್ಷರ’ಗಳು, ಉಳಿದ ಮೂರು ‘ಗುರುತು’ಗಳು. ನಮ್ಮ ಪುಟದ ನಿಯಮ ಅಕ್ಷರಗಳಿಗೆ ಮಾತ್ರ ಬಾಗಿಲು ತೆರೆದಿತ್ತು. ಅರ್ಧ ಊರು ಒಳಗೆ, ಇನ್ನರ್ಧ ಹೊರಗೆ!

ಪರೀಕ್ಷೆಯಲ್ಲಿ ಇದೇಕೆ ತಿಳಿಯಲಿಲ್ಲ? ಹಳೆಯ ಟಿಪ್ಪಣಿ ತೆಗೆದು ನೋಡಿದೆ. ವಿಳಾಸವನ್ನು ಕನ್ನಡದಲ್ಲೂ ಬರೆಯಬಹುದೆಂಬ ಸೂಚನೆ ಪುಟದ ತಲೆಯಲ್ಲೇ ಇತ್ತು. ಅದನ್ನು ಪರೀಕ್ಷಿಸಲು ನಾವು ಕೊಟ್ಟಿದ್ದ ಪದಗಳು ‘ಕಮಲ’ ಮತ್ತು ‘ನಗರ’. ಒಂದನೇ ತರಗತಿಯ ಮೊದಲ ಪಾಠದ ಪದಗಳು. ಕಾಗುಣಿತವೂ ಇಲ್ಲ, ಒತ್ತಕ್ಷರವೂ ಇಲ್ಲ. ಎರಡೂ ಸಲೀಸಾಗಿ ಒಳಹೋಗಿದ್ದವು. ಮುಂದೆ ನಮೂದು: ‘ಕನ್ನಡ ಪರೀಕ್ಷೆ ಯಶಸ್ವಿ’. ಆ ಸಾಲನ್ನು ಬರೆದವನು ನಾನು.

ಆಕೆಯ ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ನನ್ನ ಸಲಹೆಯಂತೆ ಊರ ಹೆಸರನ್ನು ಇಂಗ್ಲಿಷಿನಲ್ಲಿ ಬರೆದಳು. ಮೊಬೈಲಿಗೆ ಬರುವ ಗುಪ್ತಸಂಖ್ಯೆಗಾಗಿ ಕಾದಳು. ಸಂಖ್ಯೆ ಬಂತು. ಅದನ್ನು ಓದಲು ಸಂದೇಶಗಳ ಕಡೆಗೆ ಹೋಗಿ ಹಿಂದಿರುಗುವಷ್ಟರಲ್ಲಿ ತುಂಬಿದ್ದ ಪುಟವೆಲ್ಲ ಖಾಲಿ. ಸ್ಮೃತಿ ಕಡಿಮೆಯಿರುವ ಅಗ್ಗದ ಮೊಬೈಲು ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಹಿಂದಿನದನ್ನು ಮರೆತುಬಿಡುತ್ತದೆ. ಪುಟ ಮೊದಲಿನಿಂದ ತೆರೆದುಕೊಳ್ಳುತ್ತದೆ. ಮೂರು ಬಾರಿ ಹೀಗಾಯಿತು. ನಾವು ‘ಮೊಬೈಲ್ ಪರೀಕ್ಷೆ’ಯ ಬಹುಭಾಗವನ್ನು ಮಾಡಿದ್ದು ಗಣಕದ ಬ್ರೌಸರಿನಲ್ಲೇ ಪರದೆಯನ್ನು ಕಿರಿದಾಗಿಸಿ. ಹಾಗೆ ಅಗಲವನ್ನು ತಗ್ಗಿಸಬಹುದೇ ಹೊರತು ಮೊಬೈಲಿನ ಬಡತನವನ್ನು ತೋರಿಸಲಾಗದು. ಕಚೇರಿಯಲ್ಲಿದ್ದ ನಿಜವಾದ ಮೊಬೈಲುಗಳೋ, ಎಲ್ಲವೂ ಹೊಸವು.

ಮರುದಿನ ಆಕೆ ಕಾಲೇಜು ಬಿಟ್ಟು, ಬಸ್ಸು ಹಿಡಿದು ಹನೂರಿಗೆ ಹೋಗಿ, ಗಣಕ ಕೇಂದ್ರವೊಂದರಲ್ಲಿ ಹಣ ತೆತ್ತು ಅರ್ಜಿ ಸಲ್ಲಿಸಿದಳು. ಕಡೆಯ ದಿನಕ್ಕೆ ಒಂದೇ ದಿನ ಬಾಕಿಯಿತ್ತು. ಆಕೆಯ ಇಬ್ಬರು ಸಹಪಾಠಿಗಳು ಕೆಂಪಕ್ಷರ ಕಂಡೊಡನೆ ತಮಗೆ ಅರ್ಹತೆಯಿಲ್ಲವೆಂದು ಭಾವಿಸಿ ಸುಮ್ಮನಾದರಂತೆ. ಅದನ್ನು ಕೇಳಿದಾಗ ನನಗೆ ಮಾತು ಹೊರಡಲಿಲ್ಲ. ಇವಳಿಗಾದರೋ ಕರೆ ಮಾಡಲು ಒಬ್ಬ ಮಾವನಿದ್ದ.

ಸೋಮವಾರ ಕಚೇರಿಯಲ್ಲಿ ವಿಷಯ ಪ್ರಸ್ತಾಪಿಸಿದೆ. ಆ ಪುಟದ ಬಗ್ಗೆ ಒಂದೂ ದೂರು ಬಂದಿಲ್ಲವೆಂಬ ಉತ್ತರ ಬಂತು. ಬರುವುದಾದರೂ ಹೇಗೆ? ಅರ್ಜಿಯನ್ನೇ ಸಲ್ಲಿಸಲಾಗದವರ ಹೆಸರು ಯಾವ ಲೆಕ್ಕದಲ್ಲೂ ಇರುವುದಿಲ್ಲ. ಸರದಿಯಲ್ಲಿ ನಿಂತವನನ್ನು ಗುಮಾಸ್ತ ಹಿಂದಕ್ಕೆ ಕಳಿಸಿದರೆ ನೋಡಿದವರಾದರೂ ಇರುತ್ತಾರೆ, ಜಗಳವಾಡಲು ಎದುರಿಗೊಬ್ಬ ಮನುಷ್ಯನಿರುತ್ತಾನೆ. ದಿಬ್ಬದ ಮೇಲೆ ಕುಳಿತ ಹುಡುಗಿ ಕೆಂಪಕ್ಷರದೊಡನೆ ಯಾವ ಜಗಳವಾಡಿಯಾಳು?

1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲ ಸೀಮೆ ನಮ್ಮದು. ಹಳೆಯ ಕೊಳ್ಳೇಗಾಲ ತಾಲ್ಲೂಕಿನಿಂದ ಹನೂರು ಬೇರ್ಪಟ್ಟಾಗ ಕಚೇರಿಗಳು ಹತ್ತಿರ ಬಂದವೆಂದು ಜನ ಸಂತೋಷಪಟ್ಟಿದ್ದರು. ಈಗ ಕಚೇರಿಗಳೇ ಮೊಬೈಲಿನೊಳಕ್ಕೆ ಹೊಕ್ಕಿವೆ. ಇದು ಒಳ್ಳೆಯದೇ, ಆದರೆ ಆ ಬಾಗಿಲು ಯಾರ ಮೊಬೈಲಿನಲ್ಲಿ ತೆರೆಯುತ್ತದೆ ಎಂಬುದನ್ನು ನೋಡುವ ಹೊಣೆ ಕಟ್ಟಿದವರದು. ಸರ್ಕಾರಿ ಜಾಲತಾಣಗಳಿಗೆ ಕೇಂದ್ರವು 2009ರಲ್ಲೇ ಮಾರ್ಗಸೂಚಿ ರೂಪಿಸಿದೆ, 2023ರಲ್ಲಿ ಅದರ ಮೂರನೆಯ ಆವೃತ್ತಿಯೂ ಬಂದಿದೆ. ಮಾರ್ಗಸೂಚಿ ಎಷ್ಟೇ ಚೆನ್ನಾಗಿದ್ದರೂ ಪರೀಕ್ಷಿಸುವವನ ಮೇಜಿನ ಮೇಲೆ ಹಳೆಯ ಮೊಬೈಲು ಇಲ್ಲದಿದ್ದರೆ ಅದು ಕಾಗದವಾಗಿಯೇ ಉಳಿಯುತ್ತದೆ. ಸಾರ್ವಜನಿಕರಿಗಾಗಿ ತಾಣ ಕಟ್ಟಿಸುವವರು ಹಣ ಪಾವತಿಸುವ ಮುನ್ನ ಒಂದು ದಿನ ಅದನ್ನು ಹಳ್ಳಿಯೊಂದರಲ್ಲಿ, ಅಲ್ಲಿಯವರದೇ ಮೊಬೈಲಿನಲ್ಲಿ, ಅಲ್ಲಿಯವರ ಕೈಯಿಂದಲೇ ತುಂಬಿಸಿ ನೋಡಲಿ. ಅದಕ್ಕೆ ತಗಲುವುದು ಬಸ್ ಚಾರ್ಜು ಮತ್ತು ಒಂದು ದಿನದ ಸಂಬಳ.

ಆ ನಿಯಮವನ್ನು ನಾವು ತಿದ್ದಿದೆವು. ಅಕ್ಕನ ಮನೆಯಿಂದ ಭಾವನವರ ಹಳೆಯ ಮೊಬೈಲು ತಂದು, ಬದಲಿಗೆ ಅವರಿಗೊಂದು ಹೊಸದನ್ನು ಕೊಡಿಸಿದೆ. ಹಳೆಯದು ಈಗ ಕಚೇರಿಯ ನನ್ನ ಮೇಜಿನ ಮೇಲಿದೆ. ಪರೀಕ್ಷೆಯ ಪಟ್ಟಿಯಲ್ಲಿ ‘ಕಮಲ’, ‘ನಗರ’ಗಳ ಕೆಳಗೆ ‘ಹೂಗ್ಯಂ’ ಸೇರಿದೆ. ಅದಾದ ಬಳಿಕ ನಮ್ಮ ಕೈಗೆ ಬಂದ ಮೊದಲ ಎರಡು ಪುಟಗಳೂ ಆ ಸಾಲಿನಲ್ಲೇ ಸೋತವು. ಆ ಇಬ್ಬರು ಹುಡುಗಿಯರ ಒಂದು ವರ್ಷವನ್ನು ಮಾತ್ರ ಹಿಂದಿರುಗಿಸುವ ದಾರಿ ನನಗೆ ತಿಳಿದಿಲ್ಲ.